ಓದಿದ್ದು ನೆನಪಿನಲ್ಲಿ ಉಳಿಯುವುದು ಹೇಗೆ?

"ಓದಿದ್ದೆ, ಬರೆಯೋ ಹೊತ್ತಿಗೆ ನೆನಪಿಗೇ ಬರಲಿಲ್ಲ." ಪ್ರತಿ ಕಿರುಪರೀಕ್ಷೆ ಮುಗಿದ ದಿನ ನಮ್ಮ ಕಾಲೇಜಿನಲ್ಲಿ ಈ ಮಾತು ಕೇಳಿಸುತ್ತದೆ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: "ನನಗೆ ನೆನಪಿನ ಶಕ್ತಿಯೇ ಇಲ್ಲ." ಮೊದಲನೆಯ ಮಾತು ನಿಜ. ಎರಡನೆಯದು ಅಪಾಯದ ಮಾತು. ನಮ್ಮ ಓಣಿಯ ಒಬ್ಬ ಅಕ್ಕ ಎಸ್‌ಎಸ್‌ಎಲ್‌ಸಿಯಲ್ಲಿ ಎರಡು ವಿಷಯ ಹೋದ ಮೇಲೆ "ನನ್ನ ತಲೆ ಓದಿಗಲ್ಲ" ಎಂದು ಪುಸ್ತಕ ಕಟ್ಟಿಟ್ಟರು. ಆದರೆ ಯಾರ ಮನೆ ಮದುವೆಗೆ ಯಾರು ಎಷ್ಟು ಮುಯ್ಯಿ ಹಾಕಿದರು, ಯಾವ ಅಂಗಡಿಯಲ್ಲಿ ಎಷ್ಟು ಬಾಕಿ ಇದೆ ಎಂದು ಅವರು ಈಗಲೂ ಚೀಟಿ ನೋಡದೆ ಹೇಳುತ್ತಾರೆ. ಹಾಗಾದರೆ ಅವರ ತಲೆಯಲ್ಲಿ ಕೊರತೆ ಇತ್ತೇ, ಓದುವ ಕ್ರಮದಲ್ಲಿ ಇತ್ತೇ? ವಿಜ್ಞಾನ ಇದಕ್ಕೆ ಕೊಡುವ ಉತ್ತರ ನಮಗೆಲ್ಲ ಬೇಕಾದದ್ದು.

ಮಂಗಳೂರಿನ 31,811 ಅಂಕಿಗಳು

ವೃತ್ತದ ಪರಿಧಿಯನ್ನು ವ್ಯಾಸದಿಂದ ಭಾಗಿಸಿದರೆ ಬರುವ ಪೈ ಎಂಬ ಸಂಖ್ಯೆಗೆ ಕೊನೆಯಿಲ್ಲ. ನಾವು 3.14 ಎಂದು ಬರೆದು ಮುಗಿಸುತ್ತೇವೆ. ಮಂಗಳೂರಿನಲ್ಲಿ ಬೆಳೆದ ರಾಜನ್ ಮಹಾದೇವನ್ ಎಂಬ ಯುವಕ 1981ರ ಜುಲೈ 5ರಂದು ಮಂಗಳೂರಿನಲ್ಲೇ ಜನರೆದುರು ನಿಂತು ಆ ಸಂಖ್ಯೆಯ 31,811 ಅಂಕಿಗಳನ್ನು ನೋಡದೆ ಹೇಳಿದರು. ಅವರ ಹೆಸರು ಗಿನ್ನೆಸ್ ದಾಖಲೆ ಪುಸ್ತಕ ಸೇರಿತು.

ಮುಂದೆ ಅವರು ಅಮೆರಿಕದ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿನ ಮನೋವಿಜ್ಞಾನಿಗಳು ಅವರ ನೆನಪನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಅಂಕಿಗಳಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಆದರೆ ಚಿತ್ರದಲ್ಲಿ ಯಾವ ವಸ್ತು ಎಲ್ಲಿತ್ತು, ಯಾವ ಕಡೆ ತಿರುಗಿತ್ತು ಎಂದು ಕೇಳಿದಾಗ ವಿಶೇಷವೇನೂ ಕಾಣಲಿಲ್ಲ. ಇನ್ನೊಂದು ಅಧ್ಯಯನವನ್ನು ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದರು. ಅಂಕಿಗಳ ಜಾಗದಲ್ಲಿ ಹತ್ತು ಹೊಸ ಚಿಹ್ನೆಗಳನ್ನು ಇಟ್ಟಾಗ ಅವರ ಸಾಮರ್ಥ್ಯ ಸಾಮಾನ್ಯ ವಿದ್ಯಾರ್ಥಿಗಳ ಮಟ್ಟಕ್ಕೆ ಇಳಿಯಿತು.

ಇದೇ ಎರಿಕ್ಸನ್ 1980ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿದ್ದರು. ಸಾಧಾರಣ ನೆನಪಿನ ಒಬ್ಬ ಕಾಲೇಜು ವಿದ್ಯಾರ್ಥಿ ಮೊದಲು ಒಮ್ಮೆಗೆ 7 ಅಂಕಿ ಮಾತ್ರ ನೆನಪಿಡುತ್ತಿದ್ದ. ಸುಮಾರು 230 ಗಂಟೆಗಳ ಅಭ್ಯಾಸದ ನಂತರ 79 ಅಂಕಿ ಹೇಳಿದ. ಅವನು ಓಟಗಾರ. ಅಂಕಿಗಳನ್ನು ಮೂರು ನಾಲ್ಕರಂತೆ ಗುಂಪು ಮಾಡಿ, ತನಗೆ ಗೊತ್ತಿದ್ದ ಓಟದ ಸಮಯಗಳಿಗೆ ಹೊಂದಿಸಿಕೊಳ್ಳುತ್ತಿದ್ದ. ಅಂಕಿ ಬಿಟ್ಟು ಅಕ್ಷರ ಕೊಟ್ಟಾಗ ಅವನೂ ಮತ್ತೆ ಆರಕ್ಕೇ ಇಳಿದ.

ನೆನಪು ಎಂದರೆ ಕೆಲವರಿಗೆ ದೊಡ್ಡದಾಗಿ, ಕೆಲವರಿಗೆ ಸಣ್ಣದಾಗಿ ಕೊಟ್ಟ ಚೀಲ ಎಂದು ನಾವು ತಿಳಿಯುತ್ತೇವೆ. ಈ ಎರಡು ಉದಾಹರಣೆಗಳು ಬೇರೆಯೇ ಹೇಳುತ್ತವೆ. ಯಾವುದನ್ನು ಹೇಗೆ ಅಭ್ಯಾಸ ಮಾಡುತ್ತೇವೋ ಅದರಲ್ಲಿ ನೆನಪು ಬೆಳೆಯುತ್ತದೆ.

ತಲೆಯೊಳಗೆ ನಡೆಯುವುದೇನು?

ನೆನಪಿಗೆ ಮೂರು ಹೆಜ್ಜೆಗಳಿವೆ: ಒಳಗೆ ತೆಗೆದುಕೊಳ್ಳುವುದು, ಉಳಿಸಿಕೊಳ್ಳುವುದು, ಬೇಕಾದಾಗ ಹೊರತೆಗೆಯುವುದು.

ಮೊದಲ ಹೆಜ್ಜೆಯಲ್ಲಿ ಜಾಗ ಬಹಳ ಕಡಿಮೆ. ನಾವು ಒಮ್ಮೆಗೆ ಸುಮಾರು ಏಳು ಸಂಗತಿಗಳನ್ನು ಹಿಡಿದಿಡಬಲ್ಲೆವು ಎಂದು ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ಅದು ನಾಲ್ಕರಷ್ಟೇ ಇರಬಹುದು ಎಂದು ನಂತರದ ಸಂಶೋಧಕರು ಹೇಳಿದ್ದಾರೆ. ಹತ್ತಂಕಿಯ ಮೊಬೈಲ್ ನಂಬರನ್ನು ನಾವು ಐದೈದಾಗಿ ಒಡೆದು ಹೇಳುವುದು ಇದೇ ಕಾರಣಕ್ಕೆ.

ಎರಡನೆಯ ಹೆಜ್ಜೆಗೆ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ಬೇಕು. ನೋಡಲು ಕಡಲಕುದುರೆಯಂತೆ ಇರುವುದರಿಂದ ಆ ಹೆಸರು. 1953ರಲ್ಲಿ ಹೆನ್ರಿ ಮೊಲೈಸನ್ ಎಂಬ ಅಮೆರಿಕದ ಯುವಕನಿಗೆ ಮೂರ್ಛೆರೋಗ ನಿಲ್ಲಿಸಲು ಶಸ್ತ್ರಚಿಕಿತ್ಸೆ ಮಾಡಿ, ಮಿದುಳಿನ ಎರಡೂ ಬದಿಯಲ್ಲಿ ಈ ಭಾಗದ ಬಹುಪಾಲನ್ನು ತೆಗೆದರು. ಆಮೇಲೆ ಅವರು ಹೊಸ ಸಂಗತಿಗಳನ್ನು ನೆನಪಿಡಲಾರದೆ ಹೋದರು. ಆದರೆ ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರ ಬರೆಯುವ ಕೆಲಸದಲ್ಲಿ ದಿನದಿಂದ ದಿನಕ್ಕೆ ಅವರ ಕೈ ಪಳಗಿತು. ಹಿಂದಿನ ದಿನ ಬರೆದದ್ದು ಮಾತ್ರ ನೆನಪಿರಲಿಲ್ಲ. ಅಂದರೆ ತಿಳಿದ ಸಂಗತಿಯ ನೆನಪು ಒಂದು, ಕೈಯ ನೆನಪು ಇನ್ನೊಂದು. ಫಾರ್ಮ್ಯಾಟ್ ಬಾಯಲ್ಲಿ ಹೇಳಬಲ್ಲವರು ಲೆಕ್ಕ ಮಾಡಲು ಕೂತಾಗ ತಡವರಿಸುವುದೇಕೆ ಎಂಬುದಕ್ಕೆ ಇಲ್ಲೊಂದು ಸುಳಿವಿದೆ. ಕೈ ಪಳಗಲು ಕೈಯೇ ಕೆಲಸ ಮಾಡಬೇಕು.

ನಾವು ಹೆಚ್ಚಾಗಿ ಸೋಲುವುದು ಮೂರನೆಯ ಹೆಜ್ಜೆಯಲ್ಲಿ. ನಮ್ಮ ಬೀಚನಹಳ್ಳಿಯ ಕಬಿನಿ ಜಲಾಶಯ 19.52 ಟಿಎಂಸಿ ನೀರು ಹಿಡಿಯುತ್ತದೆ. ಅಣೆಕಟ್ಟು ತುಂಬಿದ ಮಾತ್ರಕ್ಕೆ ಗದ್ದೆ ನೆನೆಯುವುದಿಲ್ಲ, ನಾಲೆ ಬೇಕು. ನಾಲೆಯಲ್ಲಿ ಹೂಳು ತುಂಬಿದ್ದರೆ ಮೇಲೆ ಎಷ್ಟು ನೀರಿದ್ದರೇನು? ಓದುವುದು ನೀರು ತುಂಬಿಸುವ ಕೆಲಸ. ನೋಡದೆ ನೆನಪಿಸಿಕೊಳ್ಳುವುದು ನಾಲೆ ತೋಡುವ ಕೆಲಸ.

ಮರೆವಿನ ಸವಕಳಿ

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಪದಗಳನ್ನು ಬಾಯಿಪಾಠ ಮಾಡಿ, ಮತ್ತೆ ಕಲಿಯುವಾಗ ಎಷ್ಟು ಶ್ರಮ ಉಳಿಯುತ್ತದೆ ಎಂದು ತನ್ನ ಮೇಲೆಯೇ ಲೆಕ್ಕ ಹಾಕಿ 1885ರಲ್ಲಿ ಪುಸ್ತಕ ಬರೆದ. ಒಂದು ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಒಂದು ದಿನದಲ್ಲಿ ಮೂರರಲ್ಲಿ ಎರಡು ಭಾಗ ಹೋಗಿತ್ತು. ಆಮೇಲೆ ವೇಗ ತಗ್ಗಿ, ಒಂದು ತಿಂಗಳಾದರೂ ಐದರಲ್ಲಿ ಒಂದು ಭಾಗ ಉಳಿದಿತ್ತು.

ವಾಣಿಜ್ಯದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮರೆವು ಪ್ರತಿ ವರ್ಷ ಒಂದೇ ಮೊತ್ತ ಕಳೆಯುವ ಸವಕಳಿಯಲ್ಲ, ಉಳಿದ ಬೆಲೆಯ ಮೇಲೆ ಹಾಕುವ ಸವಕಳಿಯ ಹಾಗೆ. ಮೊದಲ ಕಂತಿನಲ್ಲೇ ದೊಡ್ಡ ಪಾಲು ಹೋಗುತ್ತದೆ. ಆದ್ದರಿಂದ ಮೊದಲ ದಿನವೇ ಒಮ್ಮೆ ನೆನಪಿಸಿಕೊಂಡರೆ ಲಾಭ ಹೆಚ್ಚು.

ಮತ್ತೆ ಓದುವುದೋ, ಮುಚ್ಚಿ ಹೇಳುವುದೋ?

ಇದನ್ನು ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪರೀಕ್ಷಿಸಿ ತೋರಿಸಿದರು. ವಿದ್ಯಾರ್ಥಿಗಳು ಕೆಲವು ಪಾಠಗಳನ್ನು ಎರಡು ಸಲ ಓದಿದರು. ಇನ್ನು ಕೆಲವನ್ನು ಒಂದು ಸಲ ಓದಿ, ಎರಡನೆಯ ಸಲ ಹಾಳೆ ಮುಚ್ಚಿ ನೆನಪಿದ್ದದ್ದನ್ನು ಬರೆದರು. ಐದು ನಿಮಿಷದ ನಂತರ ನೋಡಿದರೆ ಎರಡು ಸಲ ಓದಿದ ಪಾಠವೇ ಮುಂದೆ: ಶೇ. 81, ಮುಚ್ಚಿ ಬರೆದ ಪಾಠ ಶೇ. 75. ಒಂದು ವಾರದ ನಂತರ ಲೆಕ್ಕ ತಿರುಗಿತು. ಎರಡು ಸಲ ಓದಿದ ಪಾಠದಲ್ಲಿ ಶೇ. 42 ಉಳಿದಿತ್ತು, ಮುಚ್ಚಿ ಬರೆದದ್ದರಲ್ಲಿ ಶೇ. 56.

ನಾವು ಮೋಸ ಹೋಗುವುದು ಆ ಐದು ನಿಮಿಷದಲ್ಲಿ. ಮತ್ತೆ ಓದಿದಾಗ ಸಾಲುಗಳು ಪರಿಚಿತವಾಗಿ ಕಾಣುತ್ತವೆ, "ಬಂತು" ಎಂದುಕೊಳ್ಳುತ್ತೇವೆ. ನೋಡಿದಾಗ ಗುರುತು ಹಿಡಿಯುವುದು ಬೇರೆ, ನೋಡದೆ ಹೇಳುವುದು ಬೇರೆ. ಪರೀಕ್ಷೆ ಕೇಳುವುದು ಎರಡನೆಯದನ್ನು.

ನಮ್ಮಲ್ಲೇ ಇರುವ ಕ್ರಮ

ನನ್ನ ತಮ್ಮ ಹಿಫ್ಜ್ ಮಾಡುತ್ತಿದ್ದಾನೆ. ಕುರ್‌ಆನಿನ 30 ಪಾರಗಳನ್ನು ಬಾಯಿಪಾಠ ಮಾಡುವ ಅಭ್ಯಾಸ ಅದು. ಅವನಿಗೆ ದಿನಕ್ಕೆ ಮೂರು ಕೆಲಸ. ಮೊದಲು ಸಬಕ್, ಅಂದರೆ ಇಂದಿನ ಹೊಸ ಪಾಠ. ನಂತರ ಈಚಿನ ದಿನಗಳ ಪಾಠಗಳು. ಕೊನೆಗೆ ಮಂಜಿಲ್, ಅಂದರೆ ಬಹಳ ಹಿಂದೆ ಕಲಿತ ಭಾಗಗಳನ್ನು ಸರದಿಯಂತೆ ಒಪ್ಪಿಸುವುದು. ಮೂರನ್ನೂ ಪುಸ್ತಕ ನೋಡದೆ ಉಸ್ತಾದರ ಮುಂದೆ ಹೇಳಬೇಕು. ತಪ್ಪಿದಲ್ಲಿ ಅವರು ತಡೆಯುತ್ತಾರೆ, ಅಲ್ಲಿಂದ ಸರಿಪಡಿಸಿಕೊಂಡು ಮುಂದೆ ಹೋಗಬೇಕು. ಹಾಫಿಜ್ ಆದ ಮೇಲೂ ರಂಜಾನಿನ ತರಾವೀಹ್‌ಗಾಗಿ ಮತ್ತೆ ಮತ್ತೆ ಸಿದ್ಧರಾಗುತ್ತಾರೆ.

ಬಿಡುವು ಕೊಟ್ಟು ನೆನಪಿಸಿಕೊಳ್ಳುವುದು, ನೋಡದೆ ಹೇಳುವುದು, ತಪ್ಪನ್ನು ಆಗಲೇ ತಿದ್ದುವುದು: ಪ್ರಯೋಗಾಲಯ ಹೇಳಿದ ಮೂರೂ ಇಲ್ಲಿವೆ. ನಮ್ಮ ಮೈಸೂರು ಸೀಮೆಯ ನೀಲಗಾರರು ಮಂಟೇಸ್ವಾಮಿ ಕಾವ್ಯವನ್ನು ರಾತ್ರಿಯಿಡೀ ಹಾಡುತ್ತಾರೆ. ಅವರು ಕಲಿತದ್ದೂ ಕೇಳಿ, ಹೇಳಿ, ಹಾಡಿ. ಇಂಥ ಕ್ರಮವನ್ನು ನಾವು ಲೆಕ್ಕಶಾಸ್ತ್ರಕ್ಕೆ, ವ್ಯವಹಾರ ಅಧ್ಯಯನಕ್ಕೆ ಬಳಸುವುದಿಲ್ಲ, ಅಷ್ಟೇ.

ನಾವು ಮಾಡಬಹುದಾದದ್ದು

1. ಗುಂಪು ಮಾಡಿ. ಫಯೋಲ್‌ನ 14 ತತ್ವಗಳನ್ನು ಒಂದೇ ಸಾಲಿನಲ್ಲಿ ಉರು ಹೊಡೆಯಬೇಡಿ. ಆದೇಶ ಮತ್ತು ಅಧಿಕಾರದವು 6, ಕೆಲಸಗಾರನಿಗೆ ಸಿಗಬೇಕಾದವು 3, ಕೆಲಸ ನಡೆಯುವ ರೀತಿಯವು 3, ಒಗ್ಗಟ್ಟಿನವು 2. ನಾಲ್ಕು ಗುಂಪು ನೆನಪಿದ್ದರೆ ಹದಿನಾಲ್ಕೂ ಸಿಗುತ್ತವೆ.

2. ಗೊತ್ತಿರುವುದಕ್ಕೆ ಕಟ್ಟಿ. ಒಬ್ಬನಿಗೆ ಒಬ್ಬನೇ ಮೇಲಧಿಕಾರಿ ಇರಬೇಕು ಎಂಬ ತತ್ವವನ್ನು ನಾನು ಅಮ್ಮಿಗೆ ಉರ್ದುವಿನಲ್ಲಿ ವಿವರಿಸಿದೆ. "ಮದುವೆ ಅಡುಗೆಯಲ್ಲಿ ಬಾವರ್ಚಿಯೂ ಮಾಮುವೂ ಇಬ್ಬರೂ ಹುಕುಂ ಕೊಟ್ಟರೆ ಬಿರಿಯಾನಿ ತಳ ಹಿಡಿಯುತ್ತದೆ" ಎಂದರು ಅಮ್ಮಿ. ಆ ತತ್ವ ಇನ್ನು ಮರೆಯುವುದಿಲ್ಲ. ಮನೆಮಾತು ಬೇರೆ ಎಂದು ಹಿಂಜರಿಯಬೇಡಿ. ಮನೆಮಾತಿನಲ್ಲಿ ಅರ್ಥ ಮಾಡಿಕೊಂಡು ಕನ್ನಡದಲ್ಲಿ ಬರೆಯುವವರು ಅದೇ ಪಾಠವನ್ನು ಎರಡು ಸಲ ಯೋಚಿಸುತ್ತಾರೆ.

3. ಪುಸ್ತಕ ಮುಚ್ಚಿ ಖಾಲಿ ಹಾಳೆಯಲ್ಲಿ ಬರೆಯಿರಿ. ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಿ.

4. ಅದೇ ದಿನ ಸಂಜೆ, ಮೂರು ದಿನದ ನಂತರ, ವಾರದ ನಂತರ, ತಿಂಗಳ ನಂತರ ಮತ್ತೆ ನೆನಪಿಸಿಕೊಳ್ಳಿ. ಪ್ರತಿ ಸಲ ಹತ್ತು ನಿಮಿಷ ಸಾಕು.

5. ನಿದ್ದೆ ಬಿಡಬೇಡಿ. ಕಲಿತ ಮೇಲೆ ಮಲಗಿದವರು ಎಚ್ಚರವಿದ್ದವರಿಗಿಂತ ಕಡಿಮೆ ಮರೆತರು ಎಂದು ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ 1924ರಲ್ಲೇ ತೋರಿಸಿದ್ದಾರೆ. ಪರೀಕ್ಷೆಯ ಹಿಂದಿನ ರಾತ್ರಿ ಪೂರ್ತಿ ಎಚ್ಚರವಿದ್ದು ಓದುವುದು ನಷ್ಟದ ವ್ಯಾಪಾರ.

6. ಜೊತೆಗಾರರಿಗೆ ಒಪ್ಪಿಸಿ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಇಬ್ಬರು ಕೂತು, ಒಬ್ಬರು ನೋಡದೆ ಹೇಳಲಿ, ಇನ್ನೊಬ್ಬರು ಪುಸ್ತಕ ಹಿಡಿದು ತಿದ್ದಲಿ.

ಮೊದಲ ವಾರ ಇದು ಕಷ್ಟ ಅನ್ನಿಸುತ್ತದೆ. ಮುಚ್ಚಿದ ಪುಸ್ತಕದ ಮುಂದೆ ಏನೂ ತೋಚದಿದ್ದಾಗ ಬೇಸರವಾಗುತ್ತದೆ. ನಾಲೆ ತೋಡುವಾಗ ಕೈ ನೋಯುವ ಹಾಗೆ ಅದು. ಆದ್ದರಿಂದ "ನನಗೆ ನೆನಪಿನ ಶಕ್ತಿ ಇಲ್ಲ" ಎಂದು ಯಾರಾದರೂ ನಿಮ್ಮ ಮುಂದೆ ಹೇಳಿದರೆ, "ಪುಸ್ತಕ ಮುಚ್ಚಿ ಎಷ್ಟು ಸಲ ಹೇಳಿ ನೋಡಿದೆ?" ಎಂದು ಕೇಳಿ. ಅರ್ಧಕ್ಕೆ ಓದು ಬಿಟ್ಟು ಮನೆಯಲ್ಲಿರುವವರಿಗೂ ಈ ಪ್ರಶ್ನೆ ತಲುಪಿಸಿ. ಅವರಲ್ಲಿ ಒಬ್ಬರಾದರೂ ಬಾಕಿ ವಿಷಯಗಳಿಗೆ ಮತ್ತೆ ಅರ್ಜಿ ಹಾಕಿದರೆ, ಇಷ್ಟು ಬರೆದದ್ದು ಸಾರ್ಥಕ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ