ಪದಪೂರಣ ಸಾಧನವೂ ಕನ್ನಡದ ಅಕ್ಷರಗಳೂ

ಅವಧಾನದ ಸಭೆಗಳಲ್ಲಿ ಸಮಸ್ಯಾಪೂರಣವೆಂಬ ಒಂದು ಅಂಗವುಂಟು. ಪೃಚ್ಛಕನು ಪದ್ಯದ ಕೊನೆಯ ಪಾದವನ್ನು ಮಾತ್ರ ಕೊಡುತ್ತಾನೆ. ಮೊದಲಿನ ಪಾದಗಳನ್ನು ಅವಧಾನಿಯು ತುಂಬಬೇಕು. ಗಣಕಯಂತ್ರದಲ್ಲಿ ಪ್ರೋಗ್ರಾಮು ಬರೆಯುವವರಿಗೆ ಇದನ್ನು ತಿರುಗಿಸಿಟ್ಟಂತಹ ಒಂದು ಸೌಕರ್ಯವಿದೆ. ಪದದ ಮೊದಲ ಎರಡು ಮೂರು ಅಕ್ಷರಗಳನ್ನು ನಾವು ಒತ್ತಿದರೆ ಸಾಕು. ಉಳಿದುದನ್ನು ಯಂತ್ರವು ಒಂದು ಚಿಕ್ಕ ಪಟ್ಟಿಯಲ್ಲಿ ಸೂಚಿಸುತ್ತದೆ. ನಮಗೆ ಬೇಕಾದುದನ್ನು ಆರಿಸಿಕೊಳ್ಳಬಹುದು. ಇದನ್ನು ಪದಪೂರಣವೆಂದು ಕರೆಯೋಣ.

ನಮ್ಮ ಶಾಲೆಯ ಮಕ್ಕಳಿಗೆ ಈ ಸೌಕರ್ಯದ ಅಗತ್ಯ ಇತರರಿಗಿಂತ ಹೆಚ್ಚು. ಬಳಕೆಯಲ್ಲಿರುವ ಪ್ರೋಗ್ರಾಮಿಂಗ್ ಭಾಷೆಗಳ ಆಜ್ಞಾಪದಗಳು ಬಹುಮಟ್ಟಿಗೆ ಇಂಗ್ಲಿಷಿನವು. ‘ಕಂಟಿನ್ಯೂ’ ಎಂಬ ಪದದ ಕೊನೆಗೆ ಯಾವ ಯಾವ ಸ್ವರಗಳು ಬರುತ್ತವೆಂದು ತಡವರಿಸುವ ಹುಡುಗನಿಗೆ ಲೆಕ್ಕದ ಕ್ರಮ ತಿಳಿಯದೆಂದಲ್ಲ. ಕಾಗುಣಿತ ತಿಳಿಯದು, ಅಷ್ಟೆ. ಅಂಥವನಿಗೆ ಪದಪೂರಣವು ಪಕ್ಕದಲ್ಲಿ ಕುಳಿತ ಒಳ್ಳೆಯ ಗೆಳೆಯನಂತೆ. ಇದನ್ನರಿತು ಹೋದ ವರ್ಷ ನಾವು ತರಗತಿಗಾಗಿ ಇಂತಹದೊಂದು ಸಾಧನವನ್ನು ಬರೆದುಕೊಂಡೆವು. ಅದರಲ್ಲಿ ತಪ್ಪುಗಳಿದ್ದುವು. ಆ ತಪ್ಪುಗಳು ಕಂಡುಬಂದ ರೀತಿ, ಅವನ್ನು ತಿದ್ದಿದ ಬಗೆ, ಇವೇ ಈ ಲೇಖನದ ವಿಷಯ.

ಎಡಿಟರ್ ಮತ್ತು ಪ್ಲಗಿನ್

ಪ್ರೋಗ್ರಾಮನ್ನು ಬರೆದು ತಿದ್ದುವ ಸಾಧನಕ್ಕೆ ಎಡಿಟರ್ ಎಂದು ಹೆಸರು. ನಾವು ಬಳಸುವುದು ವಿಮ್ ಎಂಬ ಎಡಿಟರನ್ನು. ನೆದರ್ಲೆಂಡ್ಸಿನ ಬ್ರಾಮ್ ಮೋಲೆನಾರರು ಇದನ್ನು ೧೯೯೧ರಲ್ಲಿ ಹೊರತಂದರು. ೨೦೨೩ರಲ್ಲಿ ತೀರಿಕೊಳ್ಳುವವರೆಗೂ ಇದನ್ನು ಬೆಳೆಸುತ್ತಲೇ ಇದ್ದರು. ಇದಕ್ಕೆ ಬೆಲೆಯಿಲ್ಲ, ಮೆಚ್ಚಿದವರು ಉಗಾಂಡ ದೇಶದ ಬಡಮಕ್ಕಳಿಗೆ ನೆರವಾಗಬೇಕೆಂಬ ಕೋರಿಕೆ ಮಾತ್ರ ಅದರೊಡನೆ ಬರುತ್ತದೆ. ನಮ್ಮ ಕೊಠಡಿಯ ಹಳೆಯ ಯಂತ್ರಗಳಲ್ಲಿಯೂ ಅದು ಚುರುಕಾಗಿ ನಡೆಯುತ್ತದೆ.

ಎಡಿಟರಿಗೆ ಹೊರಗಿನಿಂದ ಜೋಡಿಸಿ ಹೊಸ ಗುಣವನ್ನು ಕೊಡುವ ಪುಟ್ಟ ಪ್ರೋಗ್ರಾಮೇ ಪ್ಲಗಿನ್. ವಿಮ್‌ನಲ್ಲಿ ಪದಪೂರಣವು ಸ್ವತಃ ಇದೆ. ೨೦೦೬ರಲ್ಲಿ ಬಂದ ಏಳನೆಯ ಆವೃತ್ತಿಯಿಂದ ಸೂಚನೆಗಳು ಪಟ್ಟಿಯಾಗಿ ತೆರೆಯುತ್ತವೆ. ೨೦೧೬ರ ಎಂಟನೆಯ ಆವೃತ್ತಿಯಲ್ಲಿ ಹಿನ್ನೆಲೆಯ ಕೆಲಸಗಳಿಗೂ ಕಾಲಸೂಚಕಗಳಿಗೂ ಎಡೆ ದೊರೆಯಿತು. ಅದೇ ವರ್ಷ ಮೈಕ್ರೋಸಾಫ್ಟ್ ಸಂಸ್ಥೆಯು ಎಡಿಟರಿಗೂ ಭಾಷಾಜ್ಞಾನವುಳ್ಳ ಪ್ರೋಗ್ರಾಮಿಗೂ ನಡುವೆ ಒಂದು ಸಾಮಾನ್ಯ ಸಂಭಾಷಣಾಕ್ರಮವನ್ನು ಪ್ರಕಟಿಸಿತು. ಅದರ ಲಾಭವನ್ನು ಗಣಿತದಿಂದ ತಿಳಿಯಬಹುದು. ಹತ್ತು ಎಡಿಟರುಗಳೂ ಇಪ್ಪತ್ತು ಭಾಷೆಗಳೂ ಇದ್ದಲ್ಲಿ ಮೊದಲು ಇನ್ನೂರು ಜೋಡಣೆಗಳು ಬೇಕಾಗುತ್ತಿದ್ದುವು. ಎಲ್ಲರೂ ಒಂದೇ ಕ್ರಮವನ್ನು ಒಪ್ಪಿದರೆ ಮೂವತ್ತು ಸಾಕು. ಅಂತಹ ದೊಡ್ಡ ಸಾಧನಗಳು ಪ್ರೋಗ್ರಾಮಿನ ಅರ್ಥವನ್ನೂ ವಿಚಾರಿಸಿ ಸೂಚನೆ ಕೊಡುತ್ತವೆ. ನಮ್ಮದಾದರೋ ಬರಿಯ ಪದಗಳನ್ನು ಬಲ್ಲ ಸಣ್ಣ ಸಾಧನ. ಸಣ್ಣದಾದುದರಿಂದಲೇ ಅದರ ಒಳಗನ್ನು ಮಕ್ಕಳಿಗೆ ಬಿಚ್ಚಿ ತೋರಿಸಬಹುದಾಯಿತು.

ಒಳಗಿನ ಕೆಲಸ

ಈ ಸಾಧನವು ನಾಲ್ಕು ಕೆಲಸಗಳನ್ನು ಮಾಡುತ್ತದೆ: ಬರೆದಿರುವ ಪಠ್ಯದಿಂದ ಪದಗಳನ್ನು ಆಯುವುದು, ಅವನ್ನು ಹುಡುಕಲು ಸುಲಭವಾಗುವಂತೆ ಕೂಡಿಡುವುದು, ಈಗ ಒತ್ತಿದ ಅಕ್ಷರಗಳಿಂದ ಮೊದಲಾಗುವ ಪದಗಳನ್ನು ಹೆಕ್ಕುವುದು, ಅವುಗಳಲ್ಲಿ ತಕ್ಕುದನ್ನು ಮೇಲಿಟ್ಟು ತೋರಿಸುವುದು.

ಕೂಡಿಡಲು ‘ಟ್ರೈ’ ಎಂಬ ಮರದಂತಹ ರಚನೆಯನ್ನು ಬಳಸುತ್ತಾರೆ. ಎಡ್ವರ್ಡ್ ಫ್ರೆಡ್‌ಕಿನ್ ಎಂಬವರು ೧೯೬೦ರಲ್ಲಿ ಈ ಹೆಸರಿಟ್ಟರು. ಕನಕ, ಕನಸು, ಕನ್ನಡ, ಕನ್ನಡಿ ಎಂಬ ನಾಲ್ಕು ಪದಗಳನ್ನು ತೆಗೆದುಕೊಳ್ಳಿ. ಯೂನಿಕೋಡ್ ಕ್ರಮದಲ್ಲಿ ಮೂಲಾಕ್ಷರ, ಗುಣಿತದ ಚಿಹ್ನೆ, ಹಲಂತ, ಅನುಸ್ವಾರ ಇವುಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ಸಂಕೇತವಿದೆ. ‘ಕನ್ನಡ’ ಎಂಬುದು ಕಣ್ಣಿಗೆ ಮೂರು ಅಕ್ಷರ. ಯಂತ್ರಕ್ಕಾದರೋ ಕ, ನ, ಹಲಂತ, ನ, ಡ ಎಂದು ಐದು ಸಂಕೇತ. ಅದಕ್ಕೆ ಗುಡಿಸು ಸೇರಿದರೆ ‘ಕನ್ನಡಿ’, ಆರು ಸಂಕೇತ. ಹೀಗೆ ನಾಲ್ಕು ಪದಗಳಿಗೂ ಕೂಡಿ ಹದಿನೆಂಟು ಸಂಕೇತಗಳಾಗುತ್ತವೆ. ಮರದಲ್ಲಿಯಾದರೆ ‘ಕ’, ‘ನ’ ಎಂಬುದು ನಾಲ್ಕಕ್ಕೂ ಒಂದೇ ಕಾಂಡ. ಅಲ್ಲಿಂದ ‘ಕ’ ಒಂದು ಕೊಂಬೆ. ‘ಸ’ ಮತ್ತು ಅದರ ಕೊಂಬು ಇನ್ನೊಂದು. ಹಲಂತ, ‘ನ’, ‘ಡ’ ಮೂರನೆಯದು. ಇದರ ತುದಿಯಲ್ಲಿ ಗುಡಿಸಿನ ಚಿಗುರು. ಎಣಿಸಿ ನೋಡಿದರೆ ಒಂಬತ್ತೇ ಗಂಟುಗಳು! ‘ಕನ್’ ಎಂದು ಒತ್ತಿದವನಿಗೆ ಮೂರನೆಯ ಕೊಂಬೆಯನ್ನು ಹಿಡಿದು ಕನ್ನಡ, ಕನ್ನಡಿ ಎಂಬೆರಡನ್ನೇ ತೋರಿಸಿದರಾಯಿತು. ಉಳಿದ ಕೊಂಬೆಗಳನ್ನು ಮುಟ್ಟಬೇಕಾಗಿಲ್ಲ.

‘ಮರಾಠಿ’ಯು ‘ಮರ’ವಾದುದು

ಒಂದು ದಿನ ನಾಲ್ಕು ವಿಷಯಗಳ ಅಂಕಗಳನ್ನು ಕೂಡಿಸುವ ಪ್ರೋಗ್ರಾಮನ್ನು ಪೈಥಾನ್ ಭಾಷೆಯಲ್ಲಿ ಬರೆಯಿರೆಂದು ಹೇಳಿದ್ದೆವು. ಒಬ್ಬ ವಿದ್ಯಾರ್ಥಿಯು ಚರಗಳಿಗೆ ಕನ್ನಡ, ಗಣಿತ, ಮರಾಠಿ, ವಿಜ್ಞಾನ ಎಂದು ನಮ್ಮ ಲಿಪಿಯಲ್ಲಿಯೇ ಹೆಸರಿಟ್ಟನು. ಇದು ಸರಿಯಾದುದೇ. ೨೦೦೮ರಲ್ಲಿ ಬಂದ ಪೈಥಾನಿನ ಮೂರನೆಯ ಆವೃತ್ತಿಯಿಂದ ಇತ್ತ ಇಂತಹ ಹೆಸರುಗಳಿಗೆ ಆ ಭಾಷೆಯಲ್ಲಿ ಪೂರ್ಣ ಮಾನ್ಯತೆಯಿದೆ. ಆದರೆ ಎರಡನೆಯ ಸಲ ‘ಮರಾಠಿ’ಯನ್ನು ಬರೆಯಲು ಹೊರಟು ‘ಮರ’ ಎಂದು ಒತ್ತಿದಾಗ ನಮ್ಮ ಸಾಧನವು ತೋರಿಸಿದ ಸೂಚನೆ ‘ಮರ’! ‘ಗಣಿತ’ಕ್ಕೆ ಪ್ರತಿಯಾಗಿ ‘ಗಣ’. ‘ಮರಾ’ ಎಂದು ಮುಂದುವರಿಸಿದರೆ ಸೂಚನೆಯೇ ಮಾಯ. ಸುತ್ತಲಿನವರು ನಕ್ಕರು. ಅವನು ಎಲ್ಲವನ್ನೂ ಅಳಿಸಿ, ಇಂಗ್ಲಿಷಿನ ಎ, ಬಿ, ಸಿ, ಡಿ ಎಂದು ಬರೆದು, “ಕನ್ನಡದಲ್ಲಿ ಹೆಸರಿಟ್ಟರೆ ಇದಕ್ಕೆ ತಿಳಿಯೋದಿಲ್ಲ, ಸರ್” ಎಂದನು.

ಈ ಮಾತು ನಮ್ಮನ್ನು ಚುಚ್ಚಿತು. ತಪ್ಪು ಕನ್ನಡದ್ದಲ್ಲ, ಪೈಥಾನಿನದಲ್ಲ, ಹುಡುಗನದಂತೂ ಅಲ್ಲ. ನಾವು ಬರೆದ ಒಂದು ಸಾಲಿನದು. ಆ ಒಂದು ಸಾಲಿನಿಂದ ಒಂದು ಮಗುವು ತನ್ನ ಭಾಷೆ ಇಲ್ಲಿ ಸಲ್ಲದೆಂಬ ಪಾಠವನ್ನು ಕಲಿತಿತ್ತು.

ಕಾರಣವನ್ನು ಹುಡುಕಿದೆವು. ಪದಗಳನ್ನು ಆಯಲು ನಾವು ಪೈಥಾನಿನೊಡನೆ ಬರುವ ಮಾದರಿ-ಹುಡುಕುವ ಸಾಧನವನ್ನು ಬಳಸಿದ್ದೆವು. ಅದರಲ್ಲಿ ‘ಪದದ ಅಕ್ಷರ’ ಎಂಬುದಕ್ಕೆ ಓರೆಗೆರೆಯೊಡನೆ ‘ಡಬ್ಲ್ಯು’ ಎಂಬ ಸಂಕ್ಷೇಪವಿದೆ. ಆ ಸಂಕ್ಷೇಪಕ್ಕೆ ಅಕ್ಷರ, ಅಂಕಿ, ಅಡಿಗೆರೆ ಇಷ್ಟೇ ಸಲ್ಲುತ್ತವೆ. ಗುಣಿತದ ಚಿಹ್ನೆ, ಹಲಂತ, ಅನುಸ್ವಾರ ಇವು ಯೂನಿಕೋಡಿನಲ್ಲಿ ಅಕ್ಷರವೆಂಬ ವರ್ಗಕ್ಕೆ ಸೇರದೆ ‘ಚಿಹ್ನೆ’ ಎಂಬ ವರ್ಗಕ್ಕೆ ಸೇರಿವೆ. ಆದುದರಿಂದ ಅವು ಬಂದಲ್ಲೆಲ್ಲ ಪದವು ಮುಗಿಯಿತೆಂದು ಸಾಧನವು ಭಾವಿಸುತ್ತದೆ. ‘ಕನ್ನಡ’ವು ‘ಕನ’ ಮತ್ತು ‘ನಡ’ ಎಂದು ಎರಡಾಗಿ ಒಡೆಯುತ್ತದೆ. ‘ಅಂಕ’ವು ‘ಅ’ ಮತ್ತು ‘ಕ’ ಆಗುತ್ತದೆ. ‘ವಿಜ್ಞಾನ’ವು ನಾಲ್ಕು ಚೂರಾಗುತ್ತದೆ. ‘ಸರಳ’ ಎಂಬಂತಹ ಪದಗಳು ಮಾತ್ರ ಉಳಿದುಕೊಳ್ಳುತ್ತವೆ. ನಾವು ಮೊದಲು ಪರೀಕ್ಷೆಗೆ ಕೊಟ್ಟುದು ಅಂತಹ ಪದಗಳನ್ನೇ ಆದುದರಿಂದ ದೋಷವು ಅಡಗಿಕೊಂಡಿತ್ತು. ಇದು ಕನ್ನಡವೊಂದರ ಕಷ್ಟವಲ್ಲ. ಈ ಮುಂಬಯಿಯಲ್ಲಿ ನಮ್ಮ ನೆರೆಯ ಮರಾಠಿ ಶಾಲೆಯ ಮಗುವು ಅಂಕಗಳಿಗೆ ದೇವನಾಗರಿಯಲ್ಲಿ ‘ಗುಣ’ ಎಂದು ಹೆಸರಿಟ್ಟರೂ ಅದು ‘ಗ’, ‘ಣ’ ಎಂದು ಒಡೆಯತಕ್ಕದ್ದೇ.

ತಿದ್ದುಪಡಿಗಳು

ಮೊದಲನೆಯದು, ಪದವೆಂದರೇನೆಂಬ ಲಕ್ಷಣವನ್ನು ಸರಿಪಡಿಸುವುದು. ಕನ್ನಡದ ಸಂಕೇತಗಳನ್ನೆಲ್ಲ ಒಂದು ಪಟ್ಟಿಯಾಗಿ ಸೇರಿಸಬಹುದಿತ್ತು. ಆಗ ಮರಾಠಿಗೆ ಇನ್ನೊಂದು, ತಮಿಳಿಗೆ ಮತ್ತೊಂದು ಪಟ್ಟಿ ಬೇಕಾಗುತ್ತಿತ್ತು. ಅದರ ಬದಲು ಪೈಥಾನನ್ನೇ ಕೇಳುವ ದಾರಿಯನ್ನು ಹಿಡಿದೆವು. ಒಂದು ಬರಹವು ಹೆಸರಾಗಲು ತಕ್ಕುದೇ ಎಂದು ಹೇಳುವ ‘ಈಸ್ ಐಡೆಂಟಿಫೈಯರ್’ ಎಂಬ ವಿಧಾನ ಆ ಭಾಷೆಯಲ್ಲಿಯೇ ಇದೆ. ‘ಅ’ ಎಂಬುದರ ಮುಂದೆ ಸಂಕೇತವೊಂದನ್ನು ಜೋಡಿಸಿ ಕೇಳಿದರೆ, ಅದು ಪದದ ಒಳಗೆ ಬರಬಹುದೇ ಇಲ್ಲವೇ ಎಂಬುದು ತಿಳಿಯುತ್ತದೆ. ಭಾಷೆ ಒಪ್ಪಿದುದನ್ನು ಸಾಧನವೂ ಒಪ್ಪಬೇಕು, ಇದೇ ನ್ಯಾಯ.

ಎರಡನೆಯದು, ಒಂದೇ ಪದದ ಎರಡು ಬರಹಗಳು. ‘ಮೊತ್ತ’ದ ಒತ್ವಕ್ಕೆ ಒಂದೇ ಸಂಕೇತವಿದೆ. ಎತ್ವ ಮತ್ತು ಕೊಂಬಿನ ಇಳಿ ಎಂಬ ಎರಡು ಸಂಕೇತಗಳನ್ನು ಸೇರಿಸಿಯೂ ಅದೇ ರೂಪವನ್ನು ಪಡೆಯಬಹುದು. ಕಣ್ಣಿಗೆ ಭೇದವಿಲ್ಲ, ಯಂತ್ರಕ್ಕೆ ಇವು ಬೇರೆ ಬೇರೆ ಪದಗಳು. ಪೈಥಾನು ಹೆಸರುಗಳನ್ನು ಓದುವಾಗ ಇವನ್ನು ಒಂದೇ ರೂಪಕ್ಕೆ ತಂದುಕೊಳ್ಳುತ್ತದೆ. ನಮ್ಮ ಸಾಧನವೂ ಮರಕ್ಕೆ ಸೇರಿಸುವ ಮೊದಲು ಹಾಗೆಯೇ ಮಾಡುವಂತೆ ತಿದ್ದಿದೆವು.

ಮೂರನೆಯದು ಎಣಿಕೆ. ‘ಮೊತ್ತ’ ಎಂಬುದು ಓದುಗನಿಗೆ ಎರಡು ಅಕ್ಷರ, ಪೈಥಾನಿಗೆ ಐದು ಸಂಕೇತ. ಸೂಚನೆಯನ್ನು ಇಡಬೇಕಾದ ಸ್ಥಾನವನ್ನು ವಿಮ್‌ಗೆ ತಿಳಿಸುವಾಗಲಾದರೋ ಬೈಟುಗಳಲ್ಲಿ ಹೇಳಬೇಕು. ಕನ್ನಡದ ಒಂದೊಂದು ಸಂಕೇತಕ್ಕೂ ಯುಟಿಎಫ್-೮ ಕ್ರಮದಲ್ಲಿ ಮೂರು ಬೈಟುಗಳಾದುದರಿಂದ ಒಟ್ಟು ಹದಿನೈದು. ಐದನ್ನು ಹದಿನೈದೆಂದು ಮಾಡಿ ಕೊಡದಿದ್ದರೆ ಸರಿಯಾದ ಪದವು ತಪ್ಪಾದ ಸ್ಥಳದಲ್ಲಿ ಬಂದು ಕೂರುತ್ತದೆ. ಇಂಗ್ಲಿಷಿನಲ್ಲಿ ಅಕ್ಷರ, ಸಂಕೇತ, ಬೈಟು ಮೂರೂ ಒಂದೇ ಆದುದರಿಂದ ಈ ತಪ್ಪು ಅಲ್ಲಿ ಕಾಣುವುದೇ ಇಲ್ಲ. ಎರಡು ಅಕ್ಷರಗಳಾದ ಮೇಲೆ ಪಟ್ಟಿ ತೆರೆಯಬೇಕೆಂಬ ನಿಯಮದಲ್ಲಿಯೂ ನಾವು ಸಂಕೇತಗಳನ್ನು ಬಿಟ್ಟು ಕನ್ನಡದ ಅಕ್ಷರಗಳನ್ನೇ ಎಣಿಸತೊಡಗಿದೆವು. ಇಲ್ಲವಾದರೆ ‘ಕೃ’ ಎಂಬ ಒಂದೇ ಅಕ್ಷರಕ್ಕೆ ಪಟ್ಟಿ ತೆರೆದುಬಿಡುತ್ತದೆ. ಆದರೆ ಹೊಂದಿಸಿ ನೋಡುವಾಗ ಸಂಕೇತಗಳ ಲೆಕ್ಕವೇ ಸರಿ. ‘ಕನ’ ಎಂದು ಒತ್ತಿದವನು ‘ಕನ್ನಡ’ದ ದಾರಿಯಲ್ಲಿ ಇರಬಹುದಷ್ಟೆ.

ನಾಲ್ಕನೆಯದು ವೇಗ. ಕೈಯಾಡುತ್ತಿರುವಾಗ ಸೆಕೆಂಡಿನ ಹತ್ತನೆಯ ಒಂದು ಪಾಲಿನೊಳಗೆ ಬಂದ ಉತ್ತರವು ತಕ್ಷಣ ಬಂದಂತೆ ತೋರುತ್ತದೆ. ತಡವಾದರೆ ಕೈ ಮುಗ್ಗರಿಸುತ್ತದೆ. ನಮ್ಮ ಮೊದಲ ಬರಹವು ಒಂದೊಂದು ಕೀಲಿ ಒತ್ತಿದಾಗಲೂ ಇಡೀ ಕಡತವನ್ನು ಓದುತ್ತಿತ್ತು. ಈಗ ಒಂದು ಸಲ ಪೂರ್ತಿ ಓದಿ, ಆಮೇಲೆ ಬದಲಾದ ಸಾಲುಗಳನ್ನು ಮಾತ್ರ ನೋಡುತ್ತದೆ.

ಇದರಿಂದ ಹೊಸದೊಂದು ತೊಡಕು ಹುಟ್ಟಿತು. ಒಬ್ಬಳು ‘ವಿಜ್ಞಾನ’ವನ್ನು ‘ವಿಗ್ನಾನ’ ಎಂದು ಬರೆದು, ಮರುಕ್ಷಣವೇ ತಿದ್ದಿಕೊಂಡಳು. ಆದರೂ ಮರದಲ್ಲಿ ತಪ್ಪು ರೂಪವು ಉಳಿದೇ ಇತ್ತು; ಮುಂದಿನ ಸಲ ಸಾಧನವು ಅದನ್ನೇ ಸೂಚಿಸಿತು. ತಿದ್ದಿಕೊಂಡ ತಪ್ಪನ್ನು ಮತ್ತೆ ಕಲಿಸುವ ಗುರುವಿಗಿಂತ ಕೆಟ್ಟ ಗುರು ಉಂಟೆ? ಆದುದರಿಂದ ಪ್ರತಿ ಪದವೂ ಕಡತದಲ್ಲಿ ಎಷ್ಟು ಸಲ ಇದೆಯೆಂಬ ಎಣಿಕೆಯನ್ನು ಜೊತೆಯಲ್ಲಿಟ್ಟೆವು. ಸಾಲು ಬದಲಾದಾಗ ಹಳೆಯ ಸಾಲಿನ ಪದಗಳನ್ನು ಕಳೆದು ಹೊಸ ಸಾಲಿನವನ್ನು ಕೂಡಬೇಕು. ಎಣಿಕೆಯು ಸೊನ್ನೆಯಾದ ಪದವನ್ನು ಮರದಿಂದ ಕಿತ್ತುಹಾಕಬೇಕು. ಬರೆಯುತ್ತಲೇ ಇರುವ ಅರೆಪದವನ್ನು ಲೆಕ್ಕಕ್ಕೆ ಹಿಡಿಯಬಾರದು.

ಸೂಚನೆಯ ಮಿತಿ

ಉಳಿದುದು ತೋರಿಸುವ ಕ್ರಮ. ಅಕಾರಾದಿಯು ನಿಘಂಟಿಗೆ ಒಪ್ಪುವ ಕ್ರಮ, ಇಲ್ಲಿ ಒಪ್ಪದು. ಬರೆಯುತ್ತಿರುವ ಸಾಲಿಗೆ ಸಮೀಪದಲ್ಲಿ ಬಂದ ಪದವೇ ಮತ್ತೆ ಬೇಕಾಗುವ ಸಂಭವ ಹೆಚ್ಚು, ಅದು ಮೇಲಿರಲಿ. ಪಟ್ಟಿಯಲ್ಲಿ ಐದಾರಕ್ಕಿಂತ ಹೆಚ್ಚು ಪದಗಳಿದ್ದರೆ ಓದುವ ಹೊತ್ತಿನಲ್ಲಿ ಪದವನ್ನೇ ಬರೆದು ಮುಗಿಸಬಹುದು. ಎಲ್ಲಕ್ಕೂ ಮುಖ್ಯವಾಗಿ, ಬರೆಯುವವನು ಆರಿಸದೆ ಯಾವ ಪದವನ್ನೂ ಸಾಧನವು ತಾನಾಗಿ ತುಂಬಬಾರದು. ‘ಮೊತ್ತ’ ಬೇಕಾದಲ್ಲಿ ‘ಮೊತ್ತ೧’ ಬಂದು ಕುಳಿತರೆ ಯಂತ್ರವು ದೂರುವುದಿಲ್ಲ. ಉತ್ತರ ಮಾತ್ರ ತಪ್ಪಾಗುತ್ತದೆ. ಬೇಕಾದಾಗ ನುಡಿದು ಬೇಡವಾದಾಗ ಸುಮ್ಮನಿರುವುದು ಸಹಾಯಕನ ಲಕ್ಷಣ.

ತಿದ್ದಿದ ಸಾಧನವನ್ನು ತರಗತಿಗೆ ತಂದ ದಿನ ಆ ಹುಡುಗನನ್ನೇ ಮುಂದೆ ಕೂರಿಸಿದೆವು. ‘ಮರ’ ಎಂದು ಒತ್ತಿದನು, ‘ಮರಾಠಿ’ ಬಂದಿತು. ‘ಕನ್’ ಎಂದನು; ‘ಕನ್ನಡ’ ಬಂದಿತು. ಅವನು ಏನನ್ನೂ ಹೇಳಲಿಲ್ಲ. ಎ, ಬಿ, ಸಿ, ಡಿಗಳನ್ನು ಒಂದೊಂದಾಗಿ ಅಳಿಸಿ ಮೊದಲಿನ ಹೆಸರುಗಳನ್ನು ಬರೆದುಕೊಂಡನು.

ಅಭ್ಯಾಸ

೧. ‘ಕೃಷ್ಣ’ ಎಂಬ ಪದದಲ್ಲಿ ಅಕ್ಷರಗಳೆಷ್ಟು, ಸಂಕೇತಗಳೆಷ್ಟು, ಬೈಟುಗಳೆಷ್ಟು?

೨. ‘ಶಾಲೆ’, ‘ಬಳಗ’, ‘ಸಂಘ’ ಇವುಗಳಲ್ಲಿ ನಮ್ಮ ಹಳೆಯ ಸಾಧನವು ಒಡೆಯದ ಪದ ಯಾವುದು? ಕಾರಣವೇನು?

೩. ಮಳೆ, ಮಗು, ಮಗಳು, ಮನೆ ಈ ಪದಗಳಿಗೆ ಮರವನ್ನು ಬರೆದು ಗಂಟುಗಳನ್ನು ಎಣಿಸಿರಿ.

೪. ಒಂದು ಪದವು ಕಡತದಲ್ಲಿ ಮೂರು ಕಡೆ ಇದ್ದು, ಒಂದು ಕಡೆ ಅಳಿಸಿಹೋದರೆ ಅದನ್ನು ಮರದಿಂದ ತೆಗೆಯಬೇಕೆ? ವಿಚಾರಿಸಿರಿ.