ಕ್ರಿಸ್‌ಮಸ್ ಮುಂಜಾನೆಗೆ ತತ್ತಿ ಬೇಯಿಸುವವರಿಗೆ

ಕ್ರಿಸ್‌ಮಸ್ ಆರಾಧನೆಗೆ ನಮ್ಮ ಸಭೆಯ ಗಂಡಸರು, ಮಕ್ಕಳು ಒಂಬತ್ತಕ್ಕೆ ಮೊದಲೇ ಬಂದು ಕೂತಿರುತ್ತಾರೆ. ಹೆಂಗಸರು ಬರುವುದು ಎರಡನೆಯ ಹಾಡು ಮುಗಿದ ಮೇಲೆ, ಒಬ್ಬೊಬ್ಬರಾಗಿ, ಸೀರೆಗೆ ಎಣ್ಣೆಯ ವಾಸನೆ ಅಂಟಿಸಿಕೊಂಡು. ಮನೆ ತುಂಬ ನೆಂಟರಿರುವಾಗ ಒಂದೊಂದೇ ದೋಸೆ ಹುಯ್ದು, ಪೂರಿ ಕರಿದು, ಕೊನೆಯ ಮಗುವಿಗೆ ತಿನ್ನಿಸುವಷ್ಟರಲ್ಲಿ ಅಲ್ಲಿ ವಾಕ್ಯ ಓದಿ ಮುಗಿದಿರುತ್ತದೆ. ನನ್ನ ಅತ್ತೆ ಮದುವೆಯಾಗಿ ಗಂಗಾವತಿಗೆ ಬಂದ ಮೇಲೆ ಒಂದು ಕ್ರಿಸ್‌ಮಸ್ಸಿಗೂ ಮೊದಲ ಪ್ರಾರ್ಥನೆ ಕೇಳಿದವರಲ್ಲ. ಇದು ಸಣ್ಣ ಸಂಗತಿ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಯಾರ ಹಬ್ಬವೋ ಅವರೇ ಹಬ್ಬದ ಹೊರಗೆ, ಒಲೆಯ ಮುಂದೆ ನಿಂತಿರಬೇಕೇ?

ಅದಕ್ಕೇ 2022ರಲ್ಲಿ ತತ್ತಿ ಟ್ರೇ ಮಾಡಲು ಹೊರಟೆ. ಕೆಳಗೆ ಬ್ರೆಡ್ಡು ಅಥವಾ ರೊಟ್ಟಿ, ಅದರ ಮೇಲೆ ಹುರಿದ ಉಳ್ಳಾಗಡ್ಡಿ, ಮೆಂತ್ಯೆ ಸೊಪ್ಪು, ಹಸಿಮೆಣಸಿನಕಾಯಿ, ಎಲ್ಲದರ ಮೇಲೆ ಹಾಲು ಬೆರೆಸಿದ ತತ್ತಿ. ಹೆಚ್ಚಿನ ಕೆಲಸ ಹಿಂದಿನ ರಾತ್ರಿಯೇ ಮುಗಿಯುತ್ತದೆ. ಮುಂಜಾನೆ ಓವನ್ನಿಗಿಟ್ಟು ಸ್ನಾನಕ್ಕೆ ಹೋಗಿ ಬಂದರೆ ಚೌಕ ಚೌಕ ಕೊಯ್ದು ಎಲ್ಲರಿಗೂ ಒಮ್ಮೆಲೇ ಬಡಿಸಬಹುದು. ಅಮೆರಿಕದ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ಇದನ್ನೇ ಹಳೆಯ ಬ್ರೆಡ್ಡಿನಿಂದ ಮಾಡುತ್ತಾರೆ, ಸ್ಟ್ರಾಟಾ ಎನ್ನುತ್ತಾರೆ. ನನಗೆ ಬ್ರೆಡ್ಡು ಬೇಕಾಗಲಿಲ್ಲ. ಆ ವರ್ಷ ಎಳ್ಳಮಾವಾಸ್ಯೆ ಡಿಸೆಂಬರ್ 23ಕ್ಕೆ ಬಂದಿತ್ತು, ಕ್ರಿಸ್‌ಮಸ್ಸಿಗೆ ಎರಡೇ ದಿನ ಮೊದಲು. ನಮ್ಮ ಗಂಗಾವತಿ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆ, ಎತ್ತ ನೋಡಿದರೂ ಭತ್ತ. ಪಕ್ಕದ ಮನೆಯ ಅವ್ವನವರ ಹೊಲ ಮಾತ್ರ ಕುಷ್ಟಗಿ ಕಡೆ, ಮಳೆ ನಂಬಿದ ಎರಿ. ಅಲ್ಲಿ ಚರಗ ಚೆಲ್ಲಿ ಬಂದವರು ಎಳ್ಳು ಹಚ್ಚಿದ ಖಡಕ್ ಸಜ್ಜಿ ರೊಟ್ಟಿಯ ಒಂದು ದೊಡ್ಡ ಕಟ್ಟನ್ನೇ ಕೊಟ್ಟಿದ್ದರು. ಅವರು ತತ್ತಿ ಮುಟ್ಟುವವರಲ್ಲ. ಹೇಳದೆ ಮಾಡುವುದು ಸರಿಯಲ್ಲವೆಂದು ಕೇಳಿಯೇಬಿಟ್ಟೆ: "ಅವ್ವಾರ, ಇದರ ಮ್ಯಾಲ ತತ್ತಿ ಹಾಕಿ ಬೇಯಿಸ್ಲಿ?" ಅವರು ಎಲೆಅಡಿಕೆ ಬಾಯಲ್ಲಿಟ್ಟುಕೊಂಡೇ ಅಂದರು: "ಕೊಟ್ಟ ಮ್ಯಾಲ ಅದು ನಿಂದವಾ. ಏನರ ಹಾಕ್ಕೋ, ಕೆಡಿಸಬ್ಯಾಡ."

ತತ್ತಿಯ ಜೊತೆ ನನಗೆ ಪಳಗಿಕೆ ಇತ್ತು. ನಾನು ಸರಕಾರಿ ಶಾಲೆಯ ಶಿಕ್ಷಕಿ. ಕೊಪ್ಪಳ ಸೇರಿದಂತೆ ಈ ಭಾಗದ ಜಿಲ್ಲೆಗಳ ಮಕ್ಕಳಿಗೆ 2021ರ ಡಿಸೆಂಬರಿನಿಂದ ಬಿಸಿಯೂಟದಲ್ಲಿ ತತ್ತಿ ಕೊಡಲು ಶುರುವಾಯಿತು. ಬೇಡವೆಂದವರ ಗದ್ದಲ ಎಷ್ಟಿತ್ತು, ಅದಕ್ಕೆ ಇದೇ ಗಂಗಾವತಿಯ ಶಾಲೆಯ ಹುಡುಗಿಯೊಬ್ಬಳು ಹೇಗೆ ಉತ್ತರ ಕೊಟ್ಟಳು ಎಂಬುದನ್ನು ಇಡೀ ರಾಜ್ಯ ನೋಡಿದೆ. ನಾನು ನೋಡುತ್ತಿದ್ದುದು ಅಡುಗೆಕೋಣೆಯನ್ನು. ಹೆಚ್ಚು ಹೊತ್ತು ಕುದಿಸಿದ ತತ್ತಿಯನ್ನು ಸುಲಿದರೆ ಹಳದಿಯ ಸುತ್ತ ಹಸಿರು-ಬೂದು ಗೆರೆ ಇರುತ್ತದೆ. ಬಿಳಿಯ ಭಾಗದಲ್ಲಿರುವ ಗಂಧಕ, ಹಳದಿಯಲ್ಲಿರುವ ಕಬ್ಬಿಣ ಕಾವು ಹೆಚ್ಚಾದಾಗ ಸೇರಿ ಆಗುವ ಬಣ್ಣ ಅದು. ತಿಂದರೆ ಅಪಾಯವಿಲ್ಲ, ಆದರೆ ಮಕ್ಕಳು ಆ ಹಳದಿಯನ್ನು ತಟ್ಟೆಯ ಅಂಚಿಗೆ ತಳ್ಳುತ್ತಿದ್ದವು. ತತ್ತಿಗೆ ಬೇಕಾಗಿರುವುದು ಕಡಿಮೆ ಕಾವು, ಸರಿಯಾದ ಹೊತ್ತಿಗೆ ಇಳಿಸುವ ಕೈ ಎಂಬುದು ನನಗೆ ಅಲ್ಲೇ ಮನದಟ್ಟಾದದ್ದು.

ಇನ್ನು ಓವನ್ ವಿಷಯ. ಬೇಯಿಸುವುದನ್ನು ಬೇಕರಿಯ ಭಟ್ಟಿಗೇ ಕೊಡೋಣ ಎಂದು ನಾನು ಮೊದಲ ದಿನದಿಂದ ಹೇಳಿದ್ದೆ. ರಂಜಾನ್ ಬಂದರೆ ಹಳೇ ಊರಿನ ಮನೆಗಳವರು ನಾನಕಟಾಯಿ ಹಿಟ್ಟು ಕಲಸಿಕೊಂಡು ಬೇಕರಿಗೆ ಒಯ್ಯುವುದಿಲ್ಲವೇ? ಹಾಗೇ. ಕುಷ್ಟಗಿಯಿಂದ ಬಂದಿದ್ದ ನನ್ನ ಮೈದುನ ಅದಕ್ಕೆ ಬಿಡಲಿಲ್ಲ. "ಏನ್ ವೈನಿ, ಮನ್ಯಾಗ ಎರಡು ಸಾವಿರ ವ್ಯಾಟಿನ ಓವನ್ ಇಟ್ಕೊಂಡು ಬೇಕರಿ ಬಾಗಿಲಿಗೆ ಹೋಗ್ತೀರಿ? ಮಂದಿ ಏನಂದಾರು?" ಆ ಓವನ್ ಅವನೇ ಕೊಡಿಸಿದ್ದು. ಮಾತು ಬೆಳೆಸಬಾರದೆಂದು ಸುಮ್ಮನಾದೆ. ಆದರೆ ರಾತ್ರಿ ಮಲಗುವ ಮುಂಚೆ ಎಲ್ಲರ ಎದುರಿಗೇ ಹೇಳಿದ್ದೆ: ಓವನ್ ಉರಿಯುವಾಗ ಗೀಸರ್ ಹಾಕಬೇಡಿ, ಬಿಸಿನೀರು ಹಿತ್ತಲ ಹಂಡೆಯಲ್ಲಿ ಕಾಯುತ್ತಿರುತ್ತದೆ. ಅತ್ತೆ ಕೇಳಿಸಿಕೊಂಡಿದ್ದಾರೆ, ನಾದಿನಿ ಕೇಳಿಸಿಕೊಂಡಿದ್ದಾಳೆ.

ಮುಂಜಾನೆ ಐದೂವರೆಗೆ ಮೊದಲ ಟ್ರೇ ಒಳಗಿಟ್ಟೆ. ಎರಡನೆಯದು ಫ್ರಿಜ್ಜಿನಲ್ಲಿತ್ತು. ಆರು ಗಂಟೆಗೆ ಗಾಜಿನಿಂದ ನೋಡಿದರೆ ಅಂಚು ಗಟ್ಟಿಯಾಗಿ, ಒಂದಿಷ್ಟು ಉಬ್ಬಿ, ನಡುವೆ ಇನ್ನೂ ನೀರು ನೀರು. ಎಳ್ಳಿನ ಕಂಪು ಬರತೊಡಗಿತ್ತು. ಅಷ್ಟರಲ್ಲಿ ಮನೆಯೆಲ್ಲ ಕತ್ತಲಾಯಿತು. ಬಚ್ಚಲಿನಿಂದ ಮೈದುನನ ದನಿ: "ಯಾಕ, ಕರೆಂಟ್ ಹೋತೇನು?" ಗೀಸರ್ ಹಾಕಿದ್ದ. ಹಂಡೆಯ ನೀರು ಕೆಂಪಗೆ ಕಾಣುತ್ತದೆಯಂತೆ.

ಅಲ್ಲಿಗೇ ನಿಂತಿದ್ದರೂ ಆಗುತ್ತಿತ್ತು. ಫ್ಯೂಸ್ ಒಂದೇ ಹೋಗಿತ್ತು. ನನ್ನ ಮನೆಯವರು ತಂತಿ ಹುಡುಕುವಷ್ಟರಲ್ಲಿ ಇವನು ಟವಲ್ ಸುತ್ತಿಕೊಂಡೇ ಬಂದು, ಸಣ್ಣ ತಂತಿ ತಾಳುವುದಿಲ್ಲವೆಂದು ದಪ್ಪ ತಂತಿ ಸುತ್ತಿ, ಗೀಸರ್ ಬಂದ್ ಮಾಡದೆ ಫ್ಯೂಸ್ ಹಾಕಿಬಿಟ್ಟ. ಹೊರಗೆ ಕಂಬದ ಮೇಲೆ ಪಟ್ ಅಂದಿತು. ಈಗ ಮನೆಯೊಳಗೆ ಯಾರು ಏನು ಮಾಡಿದರೂ ಬರುವ ಕರೆಂಟಲ್ಲ. ಫೋನ್ ಮಾಡಿದರೆ ಆ ಕಡೆಯವರು ನಿದ್ದೆಗಣ್ಣಿನಲ್ಲಿ, "ಇವತ್ತು ರಜಾ ಐತ್ರಿ ಮೇಡಂ. ಒಬ್ಬನ ಇದ್ದಾನ. ಹನ್ನೊಂದರ ಮ್ಯಾಲ ನೋಡೂಣು" ಅಂದರು. ಒಂಬತ್ತಕ್ಕೆ ಆರಾಧನೆ. ಇನ್ವರ್ಟರ್ ಇತ್ತು, ಅದು ದೀಪ, ಫ್ಯಾನಿಗೆ ಸರಿ. ಓವನ್ ಎಳೆಯುವಷ್ಟು ಶಕ್ತಿ ಅದಕ್ಕಿಲ್ಲ.

ಅರ್ಧ ಬೆಂದ ತತ್ತಿ ಎಂದರೆ ಏನೆಂದು ತಿಳಿದವರಿಗೆ ನನ್ನ ಎದೆಬಡಿತ ಗೊತ್ತಾಗುತ್ತದೆ. ಹಸಿ ತತ್ತಿಯನ್ನು ಫ್ರಿಜ್ಜಿನಲ್ಲಿಡಬಹುದು. ಬೆಂದದ್ದನ್ನು ತಿನ್ನಬಹುದು. ಬೆಚ್ಚಗೆ ನಿಂತದ್ದನ್ನು ಏನೂ ಮಾಡುವಂತಿಲ್ಲ. ಸಾಲ್ಮೊನೆಲ್ಲಾದಂಥ ಕ್ರಿಮಿಗಳು ಬೆಳೆಯುವುದೇ 5 ಡಿಗ್ರಿಯಿಂದ 60 ಡಿಗ್ರಿಯ ನಡುವೆ. ಸಾಯಬೇಕಾದರೆ ಟ್ರೇಯ ನಡುಭಾಗ 71 ಡಿಗ್ರಿ ಮುಟ್ಟಬೇಕು. ಆರುತ್ತಿರುವ ಓವನ್ನಿನಲ್ಲಿ ಅದನ್ನು ಹನ್ನೊಂದರವರೆಗೆ ಬಿಟ್ಟು ಮಕ್ಕಳ ಬಾಯಿಗೆ ಇಡಲು ನನ್ನಿಂದಾಗದು. ಅತ್ತೆ ಪಾಪ, "ಎಲ್ಲಾ ಬಾಣಲಿಗೆ ಸುರುವಿ ಭುರ್ಜಿ ಮಾಡಿಬಿಡವಾ" ಅಂದರು. ಯಲಬುರ್ಗಾದ ನಾದಿನಿ ಆಗಲೇ ಕೊಬ್ಬರಿ ಎಣ್ಣೆ ಹಚ್ಚಿದ ತಲೆಗೆ ಗಂಟು ಹಾಕಿ, ಪೂರಿ ಹಿಟ್ಟಿಗೆಂದು ಗೋಧಿ ಡಬ್ಬಿ ತೆರೆದಿದ್ದಳು. ಆ ಡಬ್ಬಿಯ ಮುಚ್ಚಳದ ಸಪ್ಪಳ ಕೇಳಿದಾಗ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅವಳ ಮೇಲಲ್ಲ. ಇಷ್ಟೆಲ್ಲ ಮಾಡಿಯೂ ನಾವು ಮೂವರೂ ಮತ್ತೆ ಅದೇ ಎಣ್ಣೆಯ ಮುಂದೆ ನಿಲ್ಲಬೇಕಲ್ಲ, ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂದಿನ ಬೆಂಚಿನಲ್ಲಿ ಕೂರುತ್ತಾನಲ್ಲ ಎಂದು.

"ಡಬ್ಬಿ ಮುಚ್ಚು" ಅಂದೆ. ಹಿರೇಜಂತಕಲ್ಲಿನ ನಮ್ಮ ಓಣಿಯಿಂದ ಬೇಕರಿಗೆ ಆಟೋ ಹಿಡಿದೆವು. ಒದ್ದೆ ಟವಲ್ ಹಾಸಿ ಬಿಸಿ ಟ್ರೇ ನನ್ನ ತೊಡೆಯ ಮೇಲೆ, ತಣ್ಣನೆಯದು ನಾದಿನಿಯ ತೊಡೆಯ ಮೇಲೆ. ಪ್ರತಿ ತಗ್ಗಿಗೂ ಆಟೋದವನಿಗೆ "ಸಾವಕಾಶ್ರೀ" ಅನ್ನುತ್ತಾ ಹೋದ ದಾರಿ ಬೇಗ ಮುಗಿಯಲೇ ಇಲ್ಲ. ನಡುವಿನ ನೀರು ಒಂದು ಸಲ ಅಂಚು ದಾಟಿ ನನ್ನ ಸೀರೆ ಮೇಲೆ ಚೆಲ್ಲಿತು.

ಬೇಕರಿಯಲ್ಲಿ ಪಾವಿನ ಕೊನೆಯ ಸುತ್ತು ಹೊರಬರುತ್ತಿತ್ತು. ಭಟ್ಟಿಯ ಚಾಚಾ ಟ್ರೇ ನೋಡಿದರು, ನನ್ನನ್ನು ನೋಡಿದರು. "ಟೀಚರ್, ಈಗ ಇಟ್ರ ಮ್ಯಾಲ ಕರಕ್ ಆಗ್ತದ, ಒಳಗ ಹಸಿ ಉಳೀತದ. ಸ್ವಲ್ಪ ತಡೀರಿ." ಸೌದೆಯ ಭಟ್ಟಿಯಲ್ಲಿ ಬೆಂಕಿ ಉರಿಸಿ, ಕೆಂಡ ಬದಿಗೆ ಸರಿಸಿದ ಮೇಲೆ ಬೇಯಿಸುವುದೆಲ್ಲ ಇಟ್ಟಿಗೆ ಹಿಡಿದಿಟ್ಟ ಕಾವಿನಿಂದ. ಮೊದಲ ಕಾವು ಪಾವಿಗೆ, ಇಳಿದ ಕಾವು ಖಾರಿ, ಟೋಸ್ಟಿಗೆ. ಅವರು ಒಂದು ಹಿಡಿ ಮೈದಾ ಒಳಗಿನ ನೆಲಕ್ಕೆ ಎಸೆದರು. ಕೂಡಲೇ ಕಂದಾಯಿತು. ಬಾಗಿಲು ತೆರೆದಿಟ್ಟು ಕಾದರು. ನನಗೆ ಗಡಿಯಾರದ ಮೇಲೇ ಕಣ್ಣು, ಆದರೆ ಅವರಿಗೆ ಅವಸರವೇ ಇರಲಿಲ್ಲ. ಮತ್ತೊಂದು ಹಿಡಿ ಎಸೆದಾಗ ಮೈದಾ ತಡೆದು ತಡೆದು ಹೊಂಬಣ್ಣಕ್ಕೆ ತಿರುಗಿತು. ಆಗ ಒಂದು ಖಾಲಿ ಟ್ರೇಯನ್ನು ಬೋರಲು ಹಾಕಿ, ಅದರ ಮೇಲೆ ನಮ್ಮದನ್ನಿಟ್ಟು, ಉದ್ದನೆಯ ಹಲಗೆಯಿಂದ ಒಳಗೆ ತಳ್ಳಿ ಬಾಗಿಲು ಮುಚ್ಚಿದರು. ತಣ್ಣಗಿದ್ದದ್ದನ್ನು ಹಿಂದೆ, ಅರ್ಧ ಬೆಂದದ್ದನ್ನು ಬಾಗಿಲ ಹತ್ತಿರ. ಯಾವುದು ಮೊದಲು ಹೊರಬರಬೇಕೆಂದು ಕೇಳದೆಯೇ ತಿಳಿದಿದ್ದರು.

ಎಂಟಕ್ಕೆ ಮನೆಯಲ್ಲಿದ್ದೆವು. ಗುರೆಳ್ಳು ಹಿಂಡಿ, ಗಟ್ಟಿ ಮೊಸರು, ಜೊತೆಗೆ ತತ್ತಿ. ಕೆಳಗಿನ ಸಜ್ಜಿ ರೊಟ್ಟಿ ಹಾಲು ಕುಡಿದು ಮೆತ್ತಗಾಗಿ, ಅಂಚಿನಲ್ಲಿ ಮಾತ್ರ ಕುರುಕುರು ಉಳಿದಿತ್ತು. ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಅತ್ತೆ, ನಾದಿನಿ, ನಾನು ಮೂವರೂ ಬೆಂಚಿನಲ್ಲಿದ್ದೆವು. ಮೊದಲ ಹಾಡಿಗೆ ಅತ್ತೆ ಎದ್ದು ನಿಂತು ಪುಸ್ತಕ ನೋಡದೆ ಹಾಡಿದರು. ಆ ಹಾಡು ಅವರಿಗೆ ಬಾಯಿಪಾಠ ಬರುತ್ತದೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಮೈದುನ ಬಂದವರಿಗೆಲ್ಲ "ಓವನ್ ಕೈಕೊಟ್ತು" ಎಂದು ಹೇಳುತ್ತಿದ್ದ. ಓವನ್ ಕೈಕೊಟ್ಟಿರಲಿಲ್ಲ, ಇವತ್ತಿಗೂ ಚೆನ್ನಾಗಿ ಕೆಲಸ ಮಾಡುತ್ತಿದೆ. ಇದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮಾಡುವವರಿಗೆ ನಾಲ್ಕು ಮಾತು. 12 ತತ್ತಿಗೆ 600 ಮಿಲಿಲೀಟರ್ ಹಾಲು, ಒಂದೂವರೆ ಚಮಚ ಉಪ್ಪು. ಚೀಸ್ ಹಾಕಿದರೆ ಉಪ್ಪು ಕಡಿಮೆ. ಉಳ್ಳಾಗಡ್ಡಿ, ಸೊಪ್ಪನ್ನು ನೀರಾರುವವರೆಗೆ ಹುರಿದು ಆರಿಸಿಯೇ ಹಾಕಬೇಕು, ಟೊಮೆಟೊ ಬೇಡ. ಬ್ರೆಡ್ಡಾದರೆ ರಾತ್ರಿಯೇ ತತ್ತಿ ಸುರಿದಿಡಿ, ಖಡಕ್ ರೊಟ್ಟಿಯಾದರೆ ಬೇಯಿಸುವ ಅರ್ಧ ತಾಸು ಮೊದಲು ಸಾಕು, ಇಲ್ಲವಾದರೆ ಅಂಬಲಿಯಂತಾಗುತ್ತದೆ. ಓವನ್ 170 ಡಿಗ್ರಿ ಮೀರಬಾರದು. ಕಾವು ಮೀರಿದರೆ ತತ್ತಿ ಬಿಗಿದುಕೊಂಡು ನೀರು ಬಿಡುತ್ತದೆ. ಮುಕ್ಕಾಲು ತಾಸಿನ ಮೇಲೆ ಟ್ರೇ ಅಲ್ಲಾಡಿಸಿ ನೋಡಿ. ನಡುವೆ ತುಸು ನಡುಗಬೇಕು, ಹರಿಯಬಾರದು. ಚಾಕು ಚುಚ್ಚಿದರೆ ಹಸಿ ಅಂಟಬಾರದು. ತೆಗೆದು ಹತ್ತು ನಿಮಿಷ ಬಿಟ್ಟು ಕೊಯ್ಯಿರಿ. ತತ್ತಿಯನ್ನು ಮೊದಲೇ ಕೊಂಡಿಡಿ, ನಮ್ಮ ಕಡೆ ಹೊಸಪೇಟೆ ದರ ನೋಡಿ ಮಾರುತ್ತಾರೆ, ಡಿಸೆಂಬರಿನ ಚಳಿಗೆ, ಕೇಕಿನ ಬೇಡಿಕೆಗೆ ಅದು ಏರುತ್ತದೆ.

ಓವನ್ನೂ ಇಲ್ಲ, ಭಟ್ಟಿಯೂ ಹತ್ತಿರವಿಲ್ಲ ಎನ್ನುವವರಿಗೆ ನಾದಿನಿಯ ದಾರಿ ಇದೆ. ಯಲಬುರ್ಗಾದಲ್ಲಿ ಅವಳು ದಪ್ಪ ತಳದ ಪಾತೇಲಿಗೆ ಎರಡು ಬೆರಳು ಎತ್ತರ ಹರಳುಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸುತ್ತಾಳೆ. ಆಮೇಲೆ ಆರು ತತ್ತಿಯ ಸಣ್ಣ ಡಬ್ಬಿ ಒಳಗಿಟ್ಟು ಸಣ್ಣ ಉರಿಯಲ್ಲಿ ಬಿಡುತ್ತಾಳೆ. ಆ ಉಪ್ಪು ಅಡುಗೆಗೆ ಬರುವುದಿಲ್ಲ, ಆರಿದ ಮೇಲೆ ಬೇರೆ ಡಬ್ಬಿಗೆ ತುಂಬಿಟ್ಟರೆ ಈಸ್ಟರಿಗೂ ಅದೇ ಆಗುತ್ತದೆ.