ಮೈಕ್ರೋವೇವ್ ಒಲೆ: ಬಿಸಿ ಮಾಡುವುದಕ್ಕೂ ಕ್ರಮ ಇದೆ

ಸುಳ್ಯ ಪೇಟೆಯಿಂದ ದೂರ, ಗುಡ್ಡದ ಮೇಲೆ ನಮ್ಮ ಖುಷ್ಕಿ ಜಾಗ. ಫೆಬ್ರವರಿಯಲ್ಲೇ ಬಾವಿಯ ತಳ ಕಾಣುತ್ತದೆ. ಹಾಗಾಗಿ ಗೇರು, ಸ್ವಲ್ಪ ಕಾಳುಮೆಣಸು, ಮಳೆಗಾಲದಲ್ಲಿ ತರಕಾರಿ, ಇಷ್ಟೇ. ಬೆಂಗಳೂರಿನಲ್ಲಿರುವ ಮಗ ರಜೆಯಲ್ಲಿ ಬಂದಾಗ ಒಂದು ಮೈಕ್ರೋವೇವ್ ಒಲೆ ತಂದಿಟ್ಟು ಹೋದ. "ಅಪ್ಪ, ಅಜ್ಜಿಗೆ ಬಿಸಿ ಊಟ ಸಿಗಲಿ" ಎಂದ. ನಾನು ಓದಿದ್ದು ಏಳನೇ ಕ್ಲಾಸು. ಗುಂಡಿ ಒತ್ತಲು ಕಲಿತೆ. ಅಷ್ಟೇ ಸಾಕು ಎಂದುಕೊಂಡದ್ದು ನನ್ನ ತಪ್ಪು.

ಗೇರುಬೀಜ ಹೆಕ್ಕುವ ಸಮಯ. ಮಗಳ ಬಾಣಂತನಕ್ಕೆಂದು ಹೆಂಡತಿ ಹೋಗಿದ್ದಳು. ಮನೆಯಲ್ಲಿ ನಾನು, ಎಂಬತ್ತು ದಾಟಿದ ಅಮ್ಮ. ರಾತ್ರಿ ಉಳಿದ ಅನ್ನ ಪಾತ್ರೆಯಲ್ಲಿ ಹಾಗೇ ಹೊರಗಿತ್ತು. ಮರುದಿನ ಮಧ್ಯಾಹ್ನ ಗುಡ್ಡೆಯಿಂದ ಬಂದವನು ಒಂದು ನಿಮಿಷ ಬಿಸಿ ಮಾಡಿ ಅಮ್ಮನಿಗೆ ಬಡಿಸಿದೆ. ಅಂಚಿನಲ್ಲಿ ಹಬೆ ಬರುತ್ತಿತ್ತು. "ನಡುವೆ ತಣ್ಣಗಿದೆ ಮಗಾ" ಎಂದರು ಅಮ್ಮ. "ಹೊಟ್ಟೆಗೆ ಹೋದರೆ ಎಲ್ಲ ಒಂದೇ" ಎಂದೆ ನಾನು. ಸಂಜೆಗೆ ವಾಂತಿ ಶುರುವಾಯಿತು. ರಾತ್ರಿ ಜೀಪು ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎರಡು ದಿನ ಡ್ರಿಪ್ ಹಾಕಿಸಬೇಕಾಯಿತು. ಅಮ್ಮ ಗುಣವಾದರು. ಆದರೆ ಆ ರಾತ್ರಿಯ ಜೀಪಿನ ದಾರಿ ನನಗೆ ಮರೆಯುವುದಿಲ್ಲ.

ತಪ್ಪು ಒಲೆಯದ್ದಲ್ಲ

ಡಾಕ್ಟರು ಬಿಡಿಸಿ ಹೇಳಿದರು. ಅಕ್ಕಿಯಲ್ಲಿ ಬ್ಯಾಸಿಲಸ್ ಎಂಬ ಒಂದು ಜಾತಿಯ ರೋಗಾಣುವಿನ ಬೀಜಕಣ ಇರುತ್ತದೆ. ಅನ್ನ ಕುದಿದರೂ ಅದು ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಹೊರಗಿದ್ದರೆ ಮೊಳೆತು ಹೆಚ್ಚುತ್ತದೆ, ವಿಷ ಬಿಡುತ್ತದೆ. ಆ ವಿಷ ಮತ್ತೆ ಎಷ್ಟು ಬಿಸಿ ಮಾಡಿದರೂ ಹೋಗುವುದಿಲ್ಲ. ಅಂದರೆ ಬಿಸಿ ಮಾಡುವುದು ಕೆಟ್ಟದ್ದನ್ನು ಒಳ್ಳೆಯದು ಮಾಡುವ ಮದ್ದಲ್ಲ.

ಅಮ್ಮನ ಕಾಲದಲ್ಲಿ ಗಂಜಿ ಮಡಕೆ ಕೆಂಡದ ಒಲೆಯ ಮೇಲೆಯೇ ಇರುತ್ತಿತ್ತು, ತಣಿಯುತ್ತಲೇ ಇರಲಿಲ್ಲ. 60 ಡಿಗ್ರಿಗಿಂತ ಮೇಲೆ, 5 ಡಿಗ್ರಿಗಿಂತ ಕೆಳಗೆ ರೋಗಾಣು ಹೆಚ್ಚುವುದು ಬಹಳ ಕಡಿಮೆ. ನಡುವಿನದ್ದೇ ಅಪಾಯ. ಈಗ ಗ್ಯಾಸ್ ಆರಿಸಿದ ಕೂಡಲೇ ಅನ್ನ ಆ ನಡುವಿಗೆ ಇಳಿಯತೊಡಗುತ್ತದೆ. ಹಾಗಾಗಿ ಉಳಿದ ಅನ್ನ, ಸಾಂಬಾರನ್ನು ಎರಡು ಗಂಟೆಯೊಳಗೆ ಅಗಲ ಪಾತ್ರೆಗೆ ತೆಳ್ಳಗೆ ಹಾಕಿ ಫ್ರಿಜ್‌ನಲ್ಲಿಡಬೇಕು. ಅನ್ನವನ್ನು ಮರುದಿನವೇ ಮುಗಿಸಬೇಕು. ಒಮ್ಮೆ ಬಿಸಿ ಮಾಡಿ ಉಳಿದದ್ದನ್ನು ಪುನಃ ಇಡಬಾರದು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ, ಬಾಗಿಲು ತೆರೆಯದ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿಯುತ್ತದೆ. ಆಮೇಲೆ ಅದರ ಅನ್ನವನ್ನು ನಂಬಬೇಡಿ.

ಒಲೆ ಕೆಲಸ ಮಾಡುವ ರೀತಿ

ಇದರಲ್ಲಿ ಬೆಂಕಿ ಇಲ್ಲ. ಅಮೆರಿಕದಲ್ಲಿ ರಾಡಾರ್ ಕೆಲಸ ಮಾಡುತ್ತಿದ್ದ ಪರ್ಸಿ ಸ್ಪೆನ್ಸರ್ 1945ರಲ್ಲಿ ಕಂಡುಕೊಂಡ ಉಪಾಯ ಇದು. ರೇಡಿಯೋದಂತಹ ಅಲೆಗಳು ಆಹಾರದೊಳಗಿನ ನೀರಿನ ಕಣಗಳನ್ನು ಅಲುಗಾಡಿಸುತ್ತವೆ, ಅದರಿಂದ ಬಿಸಿ ಹುಟ್ಟುತ್ತದೆ. ಬಾಗಿಲು ತೆರೆದರೆ ಅಲೆ ನಿಲ್ಲುತ್ತದೆ, ಆಹಾರದಲ್ಲಿ ಏನೂ ಉಳಿಯುವುದಿಲ್ಲ. ಆ ಹೆದರಿಕೆ ಬೇಡ. ಆದರೆ ಅಲೆ ಒಳಗೆ ಹೋಗುವುದು ಸುಮಾರು ಒಂದಿಂಚು ಮಾತ್ರ. ಅದರ ನಡುವಿಗೆ ಬಿಸಿ ನಿಧಾನಕ್ಕೆ ಹರಿಯಬೇಕು. ಅಲೆ ಎಲ್ಲ ಕಡೆಗೂ ಸಮನಾಗಿ ಬೀಳುವುದೂ ಇಲ್ಲ. ಅಂಚಿನಲ್ಲಿ ಹಬೆ, ನಡುವೆ ತಣ್ಣಗೆ, ಅಮ್ಮ ಹೇಳಿದ್ದು ಇದನ್ನೇ.

ಬಿಸಿ ಮಾಡುವಾಗ

ಅನ್ನಕ್ಕೆ ಒಂದೆರಡು ಚಮಚ ನೀರು ಚಿಮುಕಿಸಿ. ಪಿಂಗಾಣಿ ತಟ್ಟೆ ಅಥವಾ ಬಾಳೆಲೆ ತುಂಡು ಮುಚ್ಚಿ, ಹಬೆ ಹೋಗಲು ಸ್ವಲ್ಪ ಸಂದಿ ಬಿಡಿ. ಅರ್ಧದಲ್ಲಿ ನಿಲ್ಲಿಸಿ ಬುಡದಿಂದ ಮಗುಚಿ, ಪುನಃ ಇಡಿ. ಮುಗಿದ ಮೇಲೆ ಎರಡು ನಿಮಿಷ ಮುಚ್ಚಿಯೇ ಬಿಡಿ. ನಡುವಿನಿಂದಲೂ ಹಬೆ ಏಳಬೇಕು. ಲೆಕ್ಕದಲ್ಲಿ ಹೇಳುವುದಾದರೆ 74 ಡಿಗ್ರಿ. ನಿಮಿಷವನ್ನು ನಂಬಿದರೆ ಆಗುವುದಿಲ್ಲ. ಸಂಜೆ ವೋಲ್ಟೇಜ್ ಇಳಿದರೆ ಒಲೆಯ ಬಲವೂ ಇಳಿಯುತ್ತದೆ. ಬೆಳಿಗ್ಗೆ ಮೂರು ನಿಮಿಷ ಸಾಕಾದದ್ದಕ್ಕೆ ನಮ್ಮಲ್ಲಿ ಸಂಜೆ ಐದು ಬೇಕಾದದ್ದಿದೆ.

ತರಕಾರಿ ಬೇಯಿಸುವಾಗ

ಅಲಸಂಡೆ, ಬೆಂಡೆ, ಸೌತೆ, ಹರಿವೆ ಚೆನ್ನಾಗಿ ಬೇಯುತ್ತವೆ. ಹೋಳು ಒಂದೇ ಗಾತ್ರ ಇರಬೇಕು. ನೀರು ಎರಡು ಮೂರು ಚಮಚ ಸಾಕು. ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದರೆ ಸತ್ವವೂ ಬಸಿದು ಹೋಗುತ್ತದೆ. ಕಾಲು ಕಿಲೋ ಅಲಸಂಡೆಗೆ ನಮ್ಮ 800 ವಾಟ್ ಒಲೆಯಲ್ಲಿ ಏಳೆಂಟು ನಿಮಿಷ, ನಡುವೆ ಎರಡು ಸಲ ಮಗುಚುತ್ತೇನೆ. ಒಗ್ಗರಣೆ ಮಾತ್ರ ಗ್ಯಾಸಿನಲ್ಲೇ. ಇದರಲ್ಲಿ ಎಣ್ಣೆ ಕಾಯಿಸಬಾರದು.

ಹಲಸಿನ ಬೀಜವನ್ನು ಕೆಂಡಕ್ಕೆ ಹಾಕುವಾಗ ಸೀಳಿ ಹಾಕುತ್ತೇವಲ್ಲ, ಇಲ್ಲದಿದ್ದರೆ ಸಿಡಿಯುತ್ತದೆ. ಇಲ್ಲಿಯೂ ಹಾಗೆಯೇ. ಇಡೀ ಮೊಟ್ಟೆಯನ್ನಂತೂ ಇಡಲೇಬೇಡಿ.

ಕಣಿಲೆಗೆ ಅವಸರ ಸಲ್ಲದು. ಅದರಲ್ಲಿ ಸಯನೈಡ್ ಬಿಡುವ ಅಂಶ ಇದೆ. ಹಿರಿಯರು ಮೂರು ದಿನ ನೀರು ಬದಲಿಸುತ್ತಾ ನೆನೆಹಾಕಿದ್ದು ಸುಮ್ಮನೆ ಅಲ್ಲ. ಅದನ್ನು ತೆರೆದ ಪಾತ್ರೆಯಲ್ಲಿ ಒಲೆಯ ಮೇಲೆಯೇ ಕುದಿಸಬೇಕು. ತುರಿಕೆಯ ಕೆಸುವಿಗೂ ಹುಳಿ ಹಾಕಿದ ನಿಧಾನದ ಬೇಯಿಸುವಿಕೆಯೇ ಸರಿ.

ಪಾತ್ರೆ ಮತ್ತು ಕರೆಂಟ್

ಸ್ಟೀಲ್, ಅಲ್ಯುಮಿನಿಯಂ, ಚಿನ್ನದ ಗೆರೆಯ ಪಿಂಗಾಣಿ ಬೇಡ, ಕಿಡಿ ಹಾರುತ್ತದೆ. ಐಸ್‌ಕ್ರೀಮ್, ಮೊಸರಿನ ಪ್ಲಾಸ್ಟಿಕ್ ಡಬ್ಬಿಯೂ ಬೇಡ. ಮೈಕ್ರೋವೇವ್‌ಗೆ ಆಗುತ್ತದೆ ಎಂದು ಬರೆದ ಗಾಜಿನ ಪಾತ್ರೆ ಎರಡಿದ್ದರೆ ಸಾಕು. ಒಲೆ ಖಾಲಿ ಇರುವಾಗ ಚಾಲೂ ಮಾಡಬೇಡಿ.

ನಮ್ಮ ಒಲೆ ಸುಮಾರು 1200 ವಾಟ್ ಎಳೆಯುತ್ತದೆ. ಹತ್ತು ನಿಮಿಷಕ್ಕೆ ಯೂನಿಟಿನ ಐದರಲ್ಲಿ ಒಂದು ಪಾಲು. ಇದಕ್ಕೆ ದೊಡ್ಡ ಮೂರು ಪಿನ್ನಿನ ಪ್ಲಗ್, ಸರಿಯಾದ ಅರ್ತಿಂಗ್ ಬೇಕೇ ಬೇಕು. ಸಿಡಿಲು ಗುಡುಗುವ ಏಪ್ರಿಲ್-ಮೇ, ಅಕ್ಟೋಬರ್-ನವೆಂಬರ್‌ನಲ್ಲಿ ಕೆಲಸ ಮುಗಿದ ಕೂಡಲೇ ಪ್ಲಗ್ ಕೀಳಿ.

ಈಗ ನಾನು ಗುಡ್ಡೆಗೆ ಹೊರಡುವ ಮೊದಲು ಅಮ್ಮನ ಮಧ್ಯಾಹ್ನದ ಅನ್ನ ಫ್ರಿಜ್‌ನಲ್ಲಿರುತ್ತದೆ. ಬಂದು ಬಿಸಿ ಮಾಡಿ, ನಡುವಿನಿಂದ ಒಂದು ಚಮಚ ತೆಗೆದು ನಾನೇ ಮೊದಲು ನೋಡುತ್ತೇನೆ. "ಈಗ ಸರಿಯಾಗಿದೆ" ಎಂದು ಅಮ್ಮ ಹೇಳುವವರೆಗೆ ಸೌಟು ಕೆಳಗಿಡುವುದಿಲ್ಲ.